ನಲವತ್ತೇಳನೇ ಗಂಟಲು

ಕರೆಮ್ಮ ಪ್ಲಾಸ್ಟಿಕ್ ಕವರಿನೊಳಗೆ ಕೈಹಾಕಿ, ರೇಷನ್ ಕಾರ್ಡಿನ ಕೆಳಗಿದ್ದ ಕಾಗದವೊಂದನ್ನು ಹೊರತೆಗೆದಳು. ಆಸ್ಪತ್ರೆಯ ವಾರ್ಡಿನಲ್ಲಿ ಮೊಮ್ಮಗಳ ಮಂಚದ ಅಂಚಿನಲ್ಲಿ ಅದರ ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ ನನ್ನತ್ತ ಸರಿಸಿದಳು.

"ಇದು ನಿಮ್ಮ ಸಹಿ ಅಲ್ಲೇನ್ರಿ, ಡಾಕ್ಟ್ರವ್ವಾ?"

ನನ್ನದೇ. ನಾನು ಡಾಕ್ಟರಲ್ಲ ಎಂದು ಆಕೆಗೆ ಮೂರು ಸಲ ಹೇಳಿದ್ದೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿ, ಹೊಸಪೇಟೆಯ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಗಂಟಲಿನ ರೋಗಾಣುಗಳ ಮೇಲೆ ಕೆಲಸ ಮಾಡುವವಳು ನಾನು. ಸಹಿಯ ಮೇಲೆ ನಾನೇ ಟೈಪ್ ಮಾಡಿದ ಸಾಲುಗಳಿದ್ದವು. 'ಕ್ರಮಸಂಖ್ಯೆ 47. ಅಂಜಲಿ, ತಂದೆ ಗಾದಿಲಿಂಗ, ವಯಸ್ಸು 11, ಎಮ್ಮಿಗನೂರು. ಗಂಟಲಿನ ಮಾದರಿಯಲ್ಲಿ ರೋಗಕಾರಕ ಸ್ಟ್ರೆಪ್ಟೊಕಾಕಸ್ ಕಂಡುಬಂದಿಲ್ಲ.'

ಮಂಚದ ಮೇಲೆ ಅಂಜಲಿ ಕಾಲು ಚಾಚಿ ಮಲಗಿದ್ದಳು. ಮೊದಲು ಎಡ ಮೊಣಕಾಲು ಬಾತಿತ್ತಂತೆ. ಅದು ಇಳಿಯುವಷ್ಟರಲ್ಲಿ ಬಲಗಾಲಿನ ಹರಡು. ಈಗ ಮಣಿಕಟ್ಟು. ಹೊದಿಕೆಯ ಅಂಚು ತಾಗಿದರೂ ಹುಡುಗಿ ಹಲ್ಲು ಕಚ್ಚುತ್ತಿದ್ದಳು.

"ಗಂಟಲ ನೋವು ಅಂತ ಡಾಕ್ಟರ ಹತ್ರ ಕರಕೊಂಡು ಹೋಗಿದ್ವಿ," ಎಂದಳು ಕರೆಮ್ಮ. "ಗಂಟಲ ಭಾಳ ಕೆಂಪಗೈತಿ, ಸೂಜಿ ಹಾಕೋಣ ಅಂದ್ರು. ನಾನ ಈ ಕಾಗದ ತೋರಿಸಿದೆ. ಲ್ಯಾಬಿನೋರು ಏನೂ ಇಲ್ಲ ಅಂದಾರಲ್ಲ, ಸುಮ್ಮನ ಯಾಕ ಸೂಜಿ ಅಂತ ಗುಳಿಗಿ ಕೊಟ್ಟು ಕಳಿಸಿದ್ರು. ಈಗ ಇಲ್ಲಿ ನೋಡಿದ್ರ, ಇದು ಗಂಟಲಿಂದನ ಬಂದೈತಿ ಅಂತಾರ. ಗಂಟಲದಾಗ ಇಲ್ಲದ್ದು ಗಂಟಲಿಂದ ಹೆಂಗ ಬರ್ತೈತ್ರಿ?"

ಆಕೆ ಚುಚ್ಚಿ ಮಾತಾಡುತ್ತಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. ಚುಚ್ಚಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಆ ಕಾಗದ ನೋಡಿ ಲ್ಯಾಬಿಗೆ ಫೋನ್ ಮಾಡಿ ನನ್ನನ್ನು ಕರೆಸಿದ್ದ ವಾರ್ಡಿನ ವೈದ್ಯೆ, ಪಕ್ಕಕ್ಕೆ ಕರೆದು ಕೇಸ್ ಶೀಟ್ ತೋರಿಸಿದರು. ಸಂಧಿವಾತ ಜ್ವರ. ಗಂಟಲಿನಲ್ಲಿ ಬೀಡುಬಿಟ್ಟ ಸ್ಟ್ರೆಪ್ಟೊಕಾಕಸ್ ವಿರುದ್ಧ ಹೋರಾಡಲು ಹೊರಟ ದೇಹ, ಗುರುತು ತಪ್ಪಿ ತನ್ನ ಕೀಲುಗಳ ಮೇಲೆ, ಹೃದಯದ ಮೇಲೆ ಬೀಳುವ ಕಾಯಿಲೆ. ಅಂಜಲಿಯ ಹೃದಯದ ಕವಾಟದಲ್ಲಿ ಆಗಲೇ ಸೋರಿಕೆಯ ಸದ್ದಿತ್ತು. ಆ ರೋಗಾಣು ಈಚೆಗೆ ದೇಹವನ್ನು ಹೊಕ್ಕಿತ್ತೇ ಎಂದು ಹೇಳುವ ರಕ್ತಪರೀಕ್ಷೆಯೊಂದಿದೆ. ಅದರಲ್ಲಿ ಇನ್ನೂರು ಇರಬೇಕಾದ ಕಡೆ ಎಂಟುನೂರು ಬಂದಿತ್ತು. ನನ್ನ ಕಾಗದ ಇಲ್ಲ ಎಂದಿತ್ತು, ರಕ್ತ ಇತ್ತು ಎನ್ನುತ್ತಿತ್ತು.

"ನಿಮ್ಮ ಕಲ್ಚರ್ ಹೇಗೆ ನೆಗೆಟಿವ್ ಬಂತು?" ಎಂದರು ವೈದ್ಯೆ. "ನೋಡಿ ಹೇಳುತ್ತೇನೆ" ಎಂದೆ.

ಎಮ್ಮಿಗನೂರಿಗೆ ನಾವು ಹೋಗಿದ್ದು ಸಂಕ್ರಾಂತಿ ಕಳೆದ ವಾರ. ಕುರಿಗಳ ಗಂಟಲಿನಲ್ಲಿ ವಾಸಿಸುವ ಕೆಲವು ಸ್ಟ್ರೆಪ್ಟೊಕಾಕಸ್‌ಗಳು ಅವುಗಳ ಜೊತೆ ಬದುಕುವ ಮನುಷ್ಯರ ಗಂಟಲಿಗೂ ದಾಟುತ್ತವೆಯೇ ಎಂಬುದು ನಮ್ಮ ಅಧ್ಯಯನದ ಪ್ರಶ್ನೆ. ಕುರಿ ಸಾಕುವ ಮನೆಗಳ ನೂರ ಹದಿನೆಂಟು ಜನ, ಅವರ ಹಿಂಡುಗಳ ತೊಂಬತ್ತು ಕುರಿಗಳು. ಉದ್ದ ಕಡ್ಡಿಯ ತುದಿಯ ಹತ್ತಿಯನ್ನು ಗಂಟಲ ಹಿಂಗೋಡೆಗೆ ತಾಗಿಸಿ ತೆಗೆಯಬೇಕು. ಒಬ್ಬೊಬ್ಬರಿಂದ ಎರಡು ಕಡ್ಡಿ: ಒಂದು ರೋಗಾಣು ಬೆಳೆಸಿ ನೋಡಲು, ಇನ್ನೊಂದು ಮುಂದೆ ಬೇಕಾದೀತೆಂದು ಒಣದಾಗಿಯೇ ಫ್ರೀಜರಿನಲ್ಲಿಡಲು.

ಊರಿನ ಆಶಾ ಕಾರ್ಯಕರ್ತೆ ಹೊನ್ನೂರಮ್ಮ ಜನರನ್ನು ಸೇರಿಸುವ ಹೊಣೆ ಹೊತ್ತಿದ್ದಳು. ನಾನು ಅವತ್ತು ಸಮುದಾಯ ಭವನಕ್ಕೆ ಕಾಲಿಟ್ಟಾಗ ಜನ ಸಾಲಾಗಿ ಕೂತಿದ್ದರು, ತಲೆ ಬಾಚಿ, ಒಗೆದ ಬಟ್ಟೆ ಉಟ್ಟು. ಬೇರೆ ಊರುಗಳಲ್ಲಿ ಬಾಯಿ ತೆರೆಯಿರಿ ಎಂದರೆ ಹೆಂಗಸರು ಸೆರಗು ಮುಚ್ಚಿ ನಗುತ್ತಿದ್ದರು, ಗಂಡಸರು ಎದ್ದು ಹೋಗಿ ಉಗುಳಿ ಬರುತ್ತಿದ್ದರು. ಇಲ್ಲಿ ಒಬ್ಬೊಬ್ಬರೂ ಬಂದು ಕೂತು, ಕತ್ತೆತ್ತಿ, ಅಗಲವಾಗಿ ಬಾಯಿ ತೆರೆದರು. ನನ್ನ ಅವ್ವ ಸುಂಕಮ್ಮ ಬುಕ್ಕಸಾಗರದಿಂದ ಇದೇ ಊರಿನ ಗದ್ದೆಗಳಿಗೆ ನಾಟಿ ಮಾಡಲು ಬರುತ್ತಿದ್ದಳು. ಬಾಯಾರಿದರೆ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರಂತೆ. ಅವಳ ಮಗಳಿಗೆ ಅವತ್ತು ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ತೊಳೆದ ಬಾಯಿಗಳನ್ನು ಒಂದೊಂದಾಗಿ ನನ್ನ ಮುಂದೆ ತೆರೆದರು. ಅದು ನನಗೆ ಸಂದ ಮರ್ಯಾದೆ ಎಂದುಕೊಂಡೆ. ಪ್ರಶ್ನೆ ಕೇಳಬೇಕಾದ ಹೊತ್ತಿನಲ್ಲಿ ಸಂತೋಷವಾಗಿ ಕೂತಿದ್ದೆ.

ಮಧ್ಯಾಹ್ನ ಕುರಿಹಟ್ಟಿಗೆ ಹೋದೆವು. ಅಂಜಲಿಯ ಅಪ್ಪ ಗಾದಿಲಿಂಗ ಟಗರೊಂದನ್ನು ಕಾಲುಗಳ ನಡುವೆ ಅವುಚಿಕೊಂಡು ಅದರ ದವಡೆ ಬಿಡಿಸಿದ. ಅದು ನನ್ನ ಮುಖಕ್ಕೇ ಸೀನಿತು.

"ಏನ್ ಹೊನ್ನೂರಕ್ಕಾ, ಇವಕ್ಕೂ ಬಾಯಿ ತೊಳಿಸಬೇಕಿತ್ತಲ್ಲ? ಮೇಡಮ್ಮಾರ ಮುಂದ ನಮ್ಮ ಕುರಿ ಮರ್ವಾದಿ ಏನಾತು?" ಎಂದ ಗಾದಿಲಿಂಗ.

"ನಿಂದ ಇನ್ನೊಂದು ಸಲ ತೊಳಿಬೇಕು, ಸುಮ್ನ ಹಿಡ್ಕೊ ಲೇ," ಎಂದಳು ಹೊನ್ನೂರಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು ಎಂಬುದನ್ನು ಈಗ ಮರೆಯಲಾರೆ.

ಫಲಿತಾಂಶ ಅಚ್ಚುಕಟ್ಟಾಗಿತ್ತು. ತೊಂಬತ್ತು ಕುರಿಗಳಲ್ಲಿ ಮೂವತ್ತೆಂಟರ ಗಂಟಲಿನಲ್ಲಿ ಸ್ಟ್ರೆಪ್ಟೊಕಾಕಸ್. ನೂರ ಹದಿನೆಂಟು ಮನುಷ್ಯರಲ್ಲಿ ಒಬ್ಬರಲ್ಲಿ. ರೋಗಾಣು ಕುರಿಗಳಿಂದ ಮನುಷ್ಯರಿಗೆ ದಾಟುವ ಸೂಚನೆ ಇಲ್ಲ ಎಂದು ವರದಿ ಬರೆದೆ. ಜನರಿಗೆ ಅವರವರ ಫಲಿತಾಂಶದ ಕಾಗದ ಕೊಡಬೇಕೆಂದು ಹಟ ಹಿಡಿದವಳೂ ನಾನೇ. ಬಾಯಿ ತೆರೆದವರಿಗೆ ಉತ್ತರ ಕೊಡದೆ ಹೋಗುವುದು ಸರಿಯಲ್ಲ ಅನ್ನಿಸಿತ್ತು. ಮಾದರಿ ತೆಗೆದ ಐದನೇ ದಿನ ಎಲ್ಲ ಕಾಗದಗಳೂ ಊರು ತಲುಪಿದ್ದವು.

ಆಸ್ಪತ್ರೆಯಿಂದ ನೇರ ಲ್ಯಾಬಿಗೆ ಬಂದು ಕ್ಷೇತ್ರಕಾರ್ಯದ ಪುಸ್ತಕ ತೆಗೆದೆ. ಕ್ರಮಸಂಖ್ಯೆ, ಹೆಸರು, ವಯಸ್ಸು, ಕಳೆದ ತಿಂಗಳು ತೆಗೆದುಕೊಂಡ ಔಷಧಿ, ಕಡೆಯ ಊಟದ ಸಮಯ. ಆಮೇಲೆ 'ಬಣ್ಣ' ಎಂಬ ಕಾಲಂ. ಅದನ್ನು ನಾವು ಸೇರಿಸಿದ್ದು ಸಂಡೂರಿನ ಕೆಲಸದ ವೇಳೆ. ಗಣಿ ಲಾರಿಗಳು ಓಡಾಡುವ ಊರುಗಳಲ್ಲಿ ಗಂಟಲಿನಿಂದ ತೆಗೆದ ಹತ್ತಿ ಬೆಳ್ಳಗೆ ಬರುವುದೇ ಅಪರೂಪ. ಅದಿರಿನ ಧೂಳಿನಿಂದ ಕೆಂಪುಕಂದಾಗಿರುತ್ತದೆ. ಮೊದಮೊದಲು ಗಾಬರಿಯಾಗುತ್ತಿದ್ದ ನಾವು, ಎರಡೇ ವಾರಗಳಲ್ಲಿ ಆ ಕಾಲಮಿನಲ್ಲಿ 'ಧೂಳು' ಎಂದು ಬರೆದು ಮುಂದೆ ಹೋಗುವುದನ್ನು ಕಲಿತೆವು.

ಎಮ್ಮಿಗನೂರಿನಲ್ಲಿ ಗಣಿಯಿಲ್ಲ. ಭತ್ತದ ಗದ್ದೆ, ಕಬ್ಬು. ಆದರೂ ಅಲ್ಲಿನ ಹತ್ತಿಗಳಲ್ಲಿ ತೆಳುವಾದ ಕಂದು ಛಾಯೆಯಿತ್ತು. ಅಲ್ಲಿ ಧೂಳಿಲ್ಲದ್ದರಿಂದ ನಾನು ಬೇರೆ ಕಾರಣ ಬರೆದಿದ್ದೆ: 'ಎಲೆ ಅಡಿಕೆ'. ಮೊದಲ ಸಾಲಿನಲ್ಲಿ ಅದು, ಕೆಳಗೆಲ್ಲ 'ಅದೇ' ಎಂಬ ಚಿಹ್ನೆ. ನಲವತ್ತೇಳನೆಯ ಸಾಲಿನಲ್ಲಿ ಮಾತ್ರ, ಪುಟ ಹೊಸದಾದ್ದರಿಂದ, ಮತ್ತೆ ಪೂರ್ತಿಯಾಗಿ ಬರೆದಿದ್ದೆ. ಅಂಜಲಿ. 11. ಎಲೆ ಅಡಿಕೆ.

ಹನ್ನೊಂದು ವರ್ಷದ ಹುಡುಗಿ.

ಬೆರಳಿಟ್ಟುಕೊಂಡು ಮತ್ತೆ ಮೊದಲಿನಿಂದ ಓದಿದೆ. ನೂರ ಹದಿನೆಂಟರಲ್ಲಿ ರೋಗಾಣು ಸಿಕ್ಕಿದ್ದ ಒಬ್ಬನೇ ವ್ಯಕ್ತಿ ಜಂಬಪ್ಪ, ಎಪ್ಪತ್ತೆರಡು ವರ್ಷ. ಅವನ ಸಾಲಿನಲ್ಲಿ ಬಣ್ಣ: 'ತಂಬಾಕು, ಹಸಿರು-ಹಳದಿ'. ಇಡೀ ಊರಿನಲ್ಲಿ ಕಂದು ಇಲ್ಲದ ಒಂದೇ ಹತ್ತಿ ಅವನದು.

ಹೊನ್ನೂರಮ್ಮನಿಗೆ ಫೋನ್ ಮಾಡಿದೆ.

"ಹೊನ್ನೂರಮ್ಮಾ, ಅವತ್ತು ಕಡ್ಡಿ ಹಾಕೋಕಿಂತ ಮುಂಚೆ ಮಂದಿ ಬಾಯಿಗೆ ಏನಾರ ಹಾಕ್ಕೊಂಡಿದ್ರೇನು?"

"ಛೇ ಛೇ, ಇಲ್ರಿ ಮೇಡಂ! ಒಂದು ತಾಸು ಏನೂ ತಿನ್ನಬಾರದು, ಕುಡಿಬಾರದು ಅಂದಿದ್ರಲ್ಲ. ಚಾ ಸೈತ ಕುಡಿಯಾಕ ಬಿಟ್ಟಿಲ್ಲ. ನಾ ಬಾಗಲದಾಗ ನಿಂತು ಒಬ್ಬೊಬ್ರದೂ ಬಾಯಿ ತೊಳಿಸಿ ಒಳಗ ಬಿಟ್ಟೀನಿ."

"ಏನು ಹಾಕಿ ತೊಳಿಸಿದ್ರಿ?"

"ಅದ ರೀ, ಕೊರೊನಾ ಟೈಮಿನಾಗ ಬಂದಿತ್ತಲ್ಲ, ಗಂಟಲ ಮುಕ್ಕಳಿಸೋ ಕಂದು ಔಷಧಿ. ಎರಡು ಬಾಕ್ಸ್ ಹಂಗ ಉಳದಿತ್ತು. ಡೇಟ್ ಮುಗದಿತ್ತು, ಚೆಲ್ಲಾಕ ಮನಸು ಬರಲಿಲ್ಲ. ಮುಚ್ಚಳದ ಅಳತಿ ಹಾಕಿ, ನೀರು ಬೆರಸಿ ಕೊಟ್ಟೆ. ನೀವು ಅಷ್ಟು ಓದಿದೋರು ಬಂದು ನಮ್ಮ ಮಂದಿ ಬಾಯಾಗ ಕಣ್ಣಿಟ್ಟು ನೋಡ್ತೀರಿ. ಎಮ್ಮಿಗನೂರೋರ ಬಾಯಿ ನಾತ ಅಂತ ಬರಕೊಂಡು ಹೋಗಬಾರದಲ್ರಿ?"

ಆಕೆಯ ದನಿಯಲ್ಲಿ ಹೆಮ್ಮೆಯಿತ್ತು. ನನ್ನ ಮೆಚ್ಚುಗೆಗೆ ಕಾಯುತ್ತಿದ್ದಳು.

"ಜಂಬಪ್ಪ?"

"ಅಯ್ಯ, ಆ ಮುದುಕನ ಸುದ್ದಿ ಬ್ಯಾಡ್ರಿ. ಅರವತ್ತು ವರ್ಷ ತಂಬಾಕು ತಿಂದ ಬಾಯಿ ನಿನ್ನ ನೀರಿಗೆ ಕೊಡ್ತೀನೇನು ಅಂತ ಬಾಟ್ಲಿ ದಬ್ಬಿ ಒಳಗ ನುಗ್ಗಿದ. ಊರ ಮರ್ವಾದಿ ಕಳದ ನೋಡ್ರಿ."

ಕೇಳಬಾರದು ಅನ್ನಿಸಿದರೂ ಕೇಳಿದೆ. "ಅಂಜಲಿ?"

"ಆ ಹುಡುಗಿಗೆ ಗಂಟಲ ನೋವಿತ್ತಲ್ರಿ, ಮೊದಲ್ನೇ ಸಲ ಕಾರಿಕೊಂಡ್ಲು. ಕರೆಮ್ಮಜ್ಜಿ ಬಿಡ್ಬೇಕಲ್ಲ? ಮೂಗು ಹಿಡದು ಇನ್ನೊಂದು ಸಲ ಹಾಕಿದ್ಲು. ಮೇಡಮ್ಮಾರ ಮುಂದ ನಾತ ಬಾಯಿ ತಗದು ಕುಂದ್ರತೀಯೇನ ಅಂತ ಬೈದ್ಲು ಕೂಡ." ಆಮೇಲೆ, "ಯಾಕ್ರಿ ಮೇಡಂ? ಏನಾತ್ರಿ?" ಎಂದಳು.

ನಾನು ಹೇಳಿದೆ. ಆ ಔಷಧಿಯಲ್ಲಿ ಅಯೋಡಿನ್ ಇರುತ್ತದೆ. ಅದು ಗಂಟಲಿನ ಮೇಲ್ಪದರದ ರೋಗಾಣುಗಳನ್ನು ಕೊಲ್ಲುತ್ತದೆ. ಒಳಪದರದಲ್ಲಿ ಅಡಗಿದವು ಹಾಗೇ ಉಳಿಯುತ್ತವೆ. ನಾನು ತೆಗೆದ ಹತ್ತಿಗೆ ಸಿಕ್ಕಿದ್ದು ತೊಳೆದ ಮೇಲ್ಪದರ. "ನನ್ನ ಕೆಲಸ ಹೋಗ್ತೈತೇನ್ರಿ?" ಎಂದಳು ಹೊನ್ನೂರಮ್ಮ. ಆಮೇಲೆ, "ಕರೆಮ್ಮಜ್ಜಿಗೆ ಹೇಳಬ್ಯಾಡ್ರಿ. ನನ್ನ ಸಲುವಾಗಿ ಅಲ್ಲ. ಆ ಮುದುಕಿ ಎದಿ ಒಡಕೊಂತಾಳ" ಎಂದಳು.

ನನ್ನ ಊಹೆಯನ್ನು ನಂಬಿ ಒಮ್ಮೆ ಕೆಟ್ಟಿದ್ದೆ. ಈ ಸಲ ಕಣ್ಣಾರೆ ನೋಡಬೇಕಿತ್ತು. ಅಯೋಡಿನ್ ಪಿಷ್ಟಕ್ಕೆ ಸೋಕಿದರೆ ನೀಲಿಯಾಗುತ್ತದೆ. ಶಾಲೆಯ ಮಕ್ಕಳೂ ಮಾಡುವ ಪ್ರಯೋಗ. ಮರುದಿನ ಬೆಳಿಗ್ಗೆ ಮನೆಯಿಂದ ಅನ್ನ ಬಸಿದ ಗಂಜಿಯನ್ನು ಬಾಟಲಿಯಲ್ಲಿ ತಂದೆ. ಫ್ರೀಜರಿನಿಂದ ಎಮ್ಮಿಗನೂರಿನ ಒಣ ಕಡ್ಡಿಗಳಲ್ಲಿ ಹತ್ತನ್ನು ತೆಗೆದು, ಒಂದೊಂದರ ತುದಿಗೆ ಗಂಜಿಯ ಎರಡೆರಡು ಹನಿ ಬಿಟ್ಟೆ. ಜಂಬಪ್ಪನ ಹತ್ತಿ ಬಣ್ಣ ಬದಲಿಸಲಿಲ್ಲ. ಉಳಿದವುಗಳಲ್ಲಿ ಏಳು ಮಾಸಲು ನೀಲಿಗೆ ತಿರುಗಿದವು. ನಲವತ್ತೇಳನೆಯದು ಎಲ್ಲಕ್ಕಿಂತ ಗಾಢವಾಗಿತ್ತು, ಹೊಸ ಹವಾಯಿ ಚಪ್ಪಲಿಯ ನೀಲಿ ಪಟ್ಟಿಯ ಹಾಗೆ. ಎರಡು ಸಲ ಮುಕ್ಕಳಿಸಿದ ಗಂಟಲು.

ಅಧ್ಯಯನದ ಮುಖ್ಯಸ್ಥರು ಡಾ. ಮಾರುತೇಶ್. ಹತ್ತು ಕಡ್ಡಿಗಳನ್ನೂ ಬಿಳಿ ತಟ್ಟೆಯಲ್ಲಿಟ್ಟು ಅವರ ಮೇಜಿಗೆ ಒಯ್ದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ವರದಿ ಹಿಂದಕ್ಕೆ ಪಡೆಯೋಣ. ಮಾದರಿ ಮತ್ತೆ ತೆಗೆಯೋಣ. ಅದರಲ್ಲಿ ಎರಡನೇ ಮಾತಿಲ್ಲ," ಎಂದರು. ನನಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ಆದರೆ ಆ ಮನೆಯವರಿಗೆ ಏನು ಹೇಳುತ್ತೀ?"

"ಆಗಿದ್ದನ್ನ."

"ಆಗಿದ್ದೇನು? ಅವತ್ತು ಪಾಸಿಟಿವ್ ಬರುತ್ತಿತ್ತು ಅಂತ ನೀನು ಸಾಧಿಸಬಲ್ಲೆಯಾ? ಸೂಜಿ ಕೊಟ್ಟಿದ್ದರೆ ಈ ಕಾಯಿಲೆ ಬರುತ್ತಲೇ ಇರಲಿಲ್ಲ ಅಂತ?"

"ಸಾಧಿಸೋಕೆ ಆಗಲ್ಲ ಸರ್. ಬಹುಶಃ ಬರ್ತಿರಲಿಲ್ಲ ಅಂತ ಹೇಳಬಹುದು."

"ಆ ಬಹುಶಃ ತಗೊಂಡು ಹೋಗಿ ಒಬ್ಬ ಅಜ್ಜಿಯ ತಲೆ ಮೇಲೆ ಇಡ್ತೀಯಾ? ಮೊಮ್ಮಗಳ ಬಾಯಿಗೆ ಎರಡು ಸಲ ಸುರಿದದ್ದು ಅವಳೇ ಅಂತ ನೀನೇ ಹೇಳ್ತಿದ್ದೀ. ಹುಡುಗಿಗೆ ಈಗ ಚಿಕಿತ್ಸೆ ಶುರುವಾಗಿದೆ. ನಿನ್ನ ಸತ್ಯದಿಂದ ಅವಳ ಕವಾಟ ರಿಪೇರಿ ಆಗೋದಿಲ್ಲ, ದೇವಿಕಾ. ತಾಂತ್ರಿಕ ಕಾರಣದಿಂದ ಮತ್ತೆ ಪರೀಕ್ಷೆ ಅಂತ ಹೇಳಿ ಮುಗಿಸು."

ಅವರು ಕೆಟ್ಟ ಮನುಷ್ಯರಲ್ಲ. ಆ ಮಾತಿನಲ್ಲಿ ಕರುಣೆಯಿತ್ತು, ಹಾಗಾಗಿಯೇ ಅದು ನನ್ನನ್ನು ಮೂರು ದಿನ ಹಿಡಿದು ನಿಲ್ಲಿಸಿತು. 'ತಾಂತ್ರಿಕ ಕಾರಣ' ಎಂದು ಒಂದು ಪತ್ರವನ್ನು ಟೈಪ್ ಕೂಡ ಮಾಡಿದೆ. ಆದರೆ ಆ ಪತ್ರ ಓದಿದವರು ಮತ್ತೆ ಬಾಯಿ ತೊಳೆದುಕೊಂಡೇ ಬರುತ್ತಾರೆ, ಈ ಸಲ ಇನ್ನೂ ಚೆನ್ನಾಗಿ. ತೊಳೆಯಬೇಡಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದ ಕ್ಷಣ ಕರೆಮ್ಮನಿಗೆ ತಿಳಿಯುತ್ತದೆ. ಸಂತೆಯಲ್ಲೋ ನಲ್ಲಿಯ ಮುಂದೋ ಯಾರದೋ ಬಾಯಿಂದ ತಿಳಿಯುವ ಬದಲು ನನ್ನಿಂದ ತಿಳಿಯಲಿ. ನಾನು ಆರಿಸಿಕೊಳ್ಳಬಹುದಾಗಿದ್ದುದು ಅಷ್ಟನ್ನು ಮಾತ್ರ.

ಅಂಜಲಿ ಮನೆಗೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕಂಪ್ಲಿ ಬಸ್ಸು ಹತ್ತಿದೆ. ಅಲ್ಲಿಂದ ಊರಿಗೆ ಆಟೊ. ಫೋನಿನಲ್ಲಿ ತಿಳಿಸಿದ್ದರಿಂದ ಹೊನ್ನೂರಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದಳು.

"ನೀವು ಬರೋದು ಬ್ಯಾಡ," ಎಂದೆ. "ನಿಮ್ಮ ಹೆಸರು ನಾ ಎತ್ತಂಗಿಲ್ಲ."

"ಊರಾಗ ನೂರಾ ಹದಿನೇಳು ಮಂದಿ ನನ್ನ ಕೈಲೆ ಮುಕ್ಕಳಿಸ್ಯಾರ. ನೀವು ಎತ್ತದಿದ್ರ ಗೊತ್ತಾಗಂಗಿಲ್ಲೇನ್ರಿ? ನಡೀರಿ," ಎಂದು ಮುಂದೆ ನಡೆದಳು.

ಅಂಜಲಿ ಪಡಸಾಲೆಯ ಗೋಡೆಗೊರಗಿ ಕೂತು ಶಾಲೆಯ ನೋಟ್ಸು ಬರೆದುಕೊಳ್ಳುತ್ತಿದ್ದಳು. ಬಾವು ಇಳಿದಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ, ಕಡಿಮೆಯೆಂದರೂ ಅವಳಿಗೆ ಇಪ್ಪತ್ತೊಂದು ವರ್ಷ ತುಂಬುವ ತನಕ. ಗಾದಿಲಿಂಗ ಕುರಿ ಬಿಡಲು ಹೊರಟವನು ನಮ್ಮನ್ನು ನೋಡಿ ನಿಂತ. ಕರೆಮ್ಮ ಚಾಪೆ ಹಾಸಿ, "ಬರ್ರಿ ಡಾಕ್ಟ್ರವ್ವಾ, ಕುಂದ್ರಿ," ಎಂದಳು.

"ನಿಮಗೆ ಕೊಟ್ಟ ಕಾಗದ ತಪ್ಪಿತ್ತು," ಎಂದೆ. ಚೀಲದಿಂದ ಪುಸ್ತಕ ತೆಗೆದು, ಆ ಪುಟ ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟೆ. "ಇದು ನಾನು ಬರೆದದ್ದು. ಇಲ್ಲಿಂದ ತಪ್ಪಿದ್ದು."

ಕರೆಮ್ಮನಿಗೆ ಓದು ಬಾರದು. ಪುಸ್ತಕವನ್ನು ಮೊಮ್ಮಗಳತ್ತ ದೂಡಿದಳು. ಅಂಜಲಿ ಬಗ್ಗಿ ಓದಿದಳು.

"ನಲವತ್ತೇಳು. ಅಂಜಲಿ. ಹನ್ನೊಂದು. ಬಣ್ಣ... ಎಲೆ ಅಡಿಕೆ." ಅವಳಿಗೆ ನಗು ಉಕ್ಕಿತು. "ಯವ್ವಾ! ಅಜ್ಜೀ, ನಾ ಎಲಿ ಅಡಿಕಿ ತಿಂತೀನಂತ! ಅದು ಹೊನ್ನೂರಮ್ಮತ್ತಿ ಕೊಟ್ಟ ನೀರಿಂದು. ಎಷ್ಟು ಕಹಿ ಇತ್ತು."

ಗಾದಿಲಿಂಗನೂ ನಗಲು ಹೊರಟು, ನಮ್ಮ ಮುಖ ನೋಡಿ ಬಾಯಿ ಮುಚ್ಚಿದ.

ನಾನು ಎಲ್ಲವನ್ನೂ ಹೇಳಿದೆ. ಆ ನೀರು ಏನು ಮಾಡಿತು, ನನ್ನ ಕಡ್ಡಿಗೆ ಯಾಕೆ ಏನೂ ಸಿಗಲಿಲ್ಲ. ಎಲೆ ಅಡಿಕೆ ತಿನ್ನದ ಹುಡುಗಿಯ ಹತ್ತಿಯಲ್ಲಿ ಬಣ್ಣ ಕಂಡೂ ನಾನು ಒಂದು ಮಾತು ಕೇಳಲಿಲ್ಲ, ಕೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು ಎಂದೆ. "ಕೇಳೋದು ನನ್ನ ಕೆಲಸ ಆಗಿತ್ತು. ಬಾಯಿ ತೊಳೆದದ್ದು ತಪ್ಪಲ್ಲ."

"ಔಷಧಿ ಕೊಟ್ಟಾಕಿ ನಾನು," ಎಂದಳು ಹೊನ್ನೂರಮ್ಮ, ನಿಂತಲ್ಲಿಂದಲೇ.

ಗಾದಿಲಿಂಗ ಕಂಬ ಹಿಡಿದುಕೊಂಡು ಕೇಳಿದ: "ಅವತ್ತ ಸೂಜಿ ಹಾಕಿದ್ರ ಇದು ಬರ್ತಿರಲಿಲ್ಲೇನ್ರಿ?"

"ಬಹುಶಃ ಬರ್ತಿರಲಿಲ್ಲ."

"ಬಹುಶಃ," ಎಂದ ಅವನು. ಅಂಗಳಕ್ಕಿಳಿದು, ಕುರಿಗಳನ್ನು ಬಿಟ್ಟುಕೊಂಡು ಹೋದ. ಹಿಂಡಿನ ಸದ್ದು ಓಣಿಯ ತಿರುವಿನಲ್ಲಿ ಕರಗಿತು.

ಕರೆಮ್ಮ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿದಳು, ಒಂದು ಸಣ್ಣ ಮೂಗನ್ನು ಹಿಡಿಯುವಷ್ಟು. ಅಂಜಲಿ ಅದನ್ನು ನೋಡಿ, "ಅಜ್ಜಿ, ಬಿಡು" ಎಂದು ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನಾನು ಆಗ ಎದ್ದು ಹೋಗಬೇಕೆಂದುಕೊಂಡೆ. ಆದರೆ ಕರೆಮ್ಮ ಕೇಳಿದಳು:

"ಕಡ್ಡಿ ತಂದೀ ಏನು?"

ಇಷ್ಟು ದಿನ ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು. ತಂದಿದ್ದೆ. ಆಕೆ ಚಾಪೆಯ ಮೇಲೆ ಸರಿದು, ಬೆಳಕಿಗೆ ಮುಖಮಾಡಿ ಕೂತಳು. ಹೊಸ ಫಾರಂ ತೆಗೆದೆ. ಅದರಲ್ಲಿ ನಾನೇ ಸೇರಿಸಿದ್ದ ಹೊಸ ಪ್ರಶ್ನೆಯನ್ನು ಓದಿದೆ. "ಬೆಳಿಗ್ಗೆಯಿಂದ ಬಾಯಿಗೆ ಏನಾರ ಹಾಕೀರೇನು? ನೀರು, ಉಪ್ಪು, ಔಷಧಿ, ಏನಾರ?"

"ಎಲಿ ಅಡಿಕಿ ಹಾಕೀನಿ. ಬರಕೊ. ತೊಳಿಲಾಕ ಹೋಗಿಲ್ಲ."

ಬಾಯಿ ತೆರೆದಳು. ಕೆಂಪು ಕಟ್ಟಿದ ಹಲ್ಲು, ಉಳಿದ ಎಲೆಯ ಚೂರು, ನಿದ್ದೆಗೆಟ್ಟವರ ಬಾಯಿಯ ವಾಸನೆ. ನಾನು ಅವತ್ತಿನ ಹಾಗೆ ಮಾಸ್ಕ್ ಹಾಕಿಕೊಂಡಿರಲಿಲ್ಲ. ಕಡ್ಡಿಯನ್ನು ಅವಳ ಗಂಟಲ ಹಿಂಗೋಡೆಗೆ ತಾಗಿಸಿದೆ. ಅವಳು ಓಕರಿಸಿದಳು, ಕಣ್ಣಲ್ಲಿ ನೀರು ಬಂತು, ಆದರೂ ಬಾಯಿ ಮುಚ್ಚಲಿಲ್ಲ. ಎರಡು ಕಡ್ಡಿ ತೆಗೆದೆ.

ಚೀಲ ಕಟ್ಟಿಕೊಳ್ಳುವಾಗ, ಹೊಸ ಕಾಗದವನ್ನು ಅವಳಿಗೆ ಕೊಟ್ಟೆ. ಹಿಂದಿನ ಫಲಿತಾಂಶ ರದ್ದಾಗಿದೆ, ಮಾದರಿ ತೆಗೆಯುವಾಗ ಸಂಶೋಧಕಿ ವಿಚಾರಿಸದೆ ಬಿಟ್ಟದ್ದೇ ಕಾರಣ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ. ಹಳೆಯದನ್ನು ವಾಪಸ್ ಕೊಡಿ, ಅದಿನ್ನು ಯಾರಿಗೂ ತೋರಿಸಬಾರದು ಎಂದೆ.

ಕರೆಮ್ಮ ಪ್ಲಾಸ್ಟಿಕ್ ಕವರು ತರಿಸಿಕೊಂಡಳು. ಹಳೆಯ ಕಾಗದವನ್ನು ಹೊರತೆಗೆದು, ಹೊಸದರ ಪಕ್ಕದಲ್ಲಿಟ್ಟು, ಎರಡೂ ಸಹಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಎರಡನ್ನೂ ಒಂದರ ಮೇಲೊಂದು ಮಡಚಿ, ರೇಷನ್ ಕಾರ್ಡಿನ ಕೆಳಗೆ ಸೇರಿಸಿ, ಕವರಿನ ಬಾಯಿ ಕಟ್ಟಿದಳು.

"ಎರಡೂ ನನ್ನ ಹತ್ರನ ಇರ್ಲಿ," ಎಂದಳು.